ಐಫೋನ್‌ಗೆ ಯಾವ ಸಿಮ್: ಕಡ್ಡಿ ಎಣಿಸದೆ ನಾನು ಆರಿಸಿದ ಬಗೆ

ಐಫೋನ್ ಪರದೆಯ ಮೂಲೆಯಲ್ಲಿ ಕಾಣುವ ನಾಲ್ಕು ಕಡ್ಡಿಗಳ ಹಿಂದೆ ಎಲ್ಲರೂ ಒಪ್ಪಿದ ಅಳತೆಗೋಲು ಯಾವುದೂ ಇಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎನ್ನುವುದು ಫೋನ್ ತಯಾರಿಸುವವರ ಇಷ್ಟ. 2010ರಲ್ಲಿ ಐಫೋನ್ 4 ಬಂದಾಗ ಈ ಲೆಕ್ಕವೇ ತಪ್ಪಾಗಿತ್ತು, ಇರಬೇಕಾದ್ದಕ್ಕಿಂತ ಹೆಚ್ಚು ಕಡ್ಡಿ ತೋರಿಸುತ್ತಿತ್ತು ಎಂದು ಆಪಲ್ ತಾನೇ ಒಪ್ಪಿಕೊಂಡು ಐಓಎಸ್ 4.0.1ರಲ್ಲಿ ತಿದ್ದಿತು. ಆದರೂ ‘ನಿಮ್ಮಲ್ಲಿ ಎಷ್ಟು ಕಡ್ಡಿ ಬರುತ್ತೆ?’ ಎಂದು ಕೇಳಿಯೇ ಜನ ಸಿಮ್ ಕೊಳ್ಳುತ್ತಾರೆ. ನಾನು ಎರಡು ಕಂಪನಿಗಳ ಸಿಮ್ಮನ್ನು ಒಂದೇ ಫೋನಿಗೆ ಹಾಕಿ, ಫೋನ್ ನಿಜಕ್ಕೂ ಬೇಕಾಗುವ ಜಾಗಗಳಲ್ಲಿ, ನೆಟ್‌ವರ್ಕ್ ಮೇಲೆ ಅತಿ ಹೆಚ್ಚು ಒತ್ತಡವಿರುವ ಹೊತ್ತಿನಲ್ಲಿ, ಅಂಕಿ ಬರೆದುಕೊಂಡು ಆರಿಸಿದೆ. ಎರಡು ವಾರ ಹಿಡಿಯಿತು.

ಸಿಮ್ ತರುವ ಮೊದಲೇ ನೋಡಿಕೊಳ್ಳಬೇಕಾದ ಸಂಗತಿಗಳಿವೆ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು ‘ಕ್ಯಾರಿಯರ್ ಲಾಕ್’ ಎಂಬ ಸಾಲು ಹುಡುಕಿ. ಅಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಯಾವ ಕಂಪನಿಯ ಸಿಮ್ ಆದರೂ ನಡೆಯುತ್ತದೆ. ಬೇರೆ ಏನಾದರೂ ಇದ್ದರೆ ಫೋನ್ ಒಂದು ಕಂಪನಿಗೆ ಕಟ್ಟಿಹಾಕಿದ್ದು. ಸಿಮ್ ಕಂಪನಿಯಿಂದಲೇ ಕಂತಿನಲ್ಲಿ ಕೊಂಡ ಫೋನ್‌ಗಳಲ್ಲಿ ಇದು ಮಾಮೂಲು. ಬೀಗ ತೆಗೆಸದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಅದೇ ಪುಟದಲ್ಲಿ ‘ಮಾಡೆಲ್ ನಂಬರ್’ ಮೇಲೆ ಒಮ್ಮೆ ಒತ್ತಿದರೆ ‘ಎ’ ಅಕ್ಷರದಿಂದ ಶುರುವಾಗುವ ನಾಲ್ಕಂಕಿಯ ಸಂಖ್ಯೆ ಕಾಣುತ್ತದೆ. ಒಂದೇ ಹೆಸರಿನ ಐಫೋನ್ ಬೇರೆ ಬೇರೆ ದೇಶಗಳಿಗೆ ಬೇರೆ ಬೇರೆ ರೂಪದಲ್ಲಿ ಹೋಗುತ್ತದೆ. ಅಮೆರಿಕದಲ್ಲಿ ಮಾರುವ ಐಫೋನ್ 14ರಿಂದೀಚಿನ ಮಾದರಿಗಳಿಗೆ ಸಿಮ್ ಟ್ರೇಯೇ ಇಲ್ಲ, ಬರೀ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್. ಬ್ಯಾಂಡ್‌ಗಳಲ್ಲೂ, ಅಂದರೆ ಫೋನ್ ಹಿಡಿಯಬಲ್ಲ ರೇಡಿಯೊ ತರಂಗಗಳ ಪಟ್ಟಿಗಳಲ್ಲೂ, ವ್ಯತ್ಯಾಸವಿರುತ್ತದೆ. ಯಾವ ಸಂಖ್ಯೆಯ ಮಾದರಿಗೆ ಯಾವ ಬ್ಯಾಂಡ್ ಎನ್ನುವ ಪಟ್ಟಿಯನ್ನು ಆಪಲ್ ಪ್ರಕಟಿಸಿದೆ. ಅದರ ಪಕ್ಕದಲ್ಲಿ ಕಂಪನಿಯ ಬ್ಯಾಂಡ್‌ಗಳನ್ನು ಇಟ್ಟು ನೋಡಿ. ಅದರಲ್ಲೂ 700, 800, 850, 900 ಮೆಗಾಹರ್ಟ್ಸ್‌ನ ತಗ್ಗಿನ ಬ್ಯಾಂಡ್‌ಗಳನ್ನು ತಪ್ಪದೆ ನೋಡಬೇಕು. ದೂರ ಹೋಗುವುದೂ ಗೋಡೆ ದಾಟುವುದೂ ಅವೇ. ಉಳಿದದ್ದೆಲ್ಲ ಸಮವಿದ್ದಾಗ 900ಕ್ಕೆ ಹೋಲಿಸಿದರೆ 1800 ಮೆಗಾಹರ್ಟ್ಸ್ ಬರೀ ಬಯಲಿನಲ್ಲೇ 6 ಡೆಸಿಬೆಲ್ ಹೆಚ್ಚು ಕಳೆದುಕೊಳ್ಳುತ್ತದೆ, ಅಂದರೆ ತಲುಪುವುದು ನಾಲ್ಕನೇ ಒಂದು ಪಾಲು ಶಕ್ತಿ. ಗೋಡೆಯ ಲೆಕ್ಕ ಇದರ ಮೇಲೆ. ನಿಮ್ಮ ಮಾದರಿಯಲ್ಲಿ ಕಂಪನಿಯ ಏಕೈಕ ತಗ್ಗು ಬ್ಯಾಂಡೇ ಇಲ್ಲದಿದ್ದರೆ ಹೊರಗೆ ಚೆನ್ನಾಗಿ ಓಡುವ ಸಿಮ್ ಒಳಕೋಣೆಯಲ್ಲಿ ಸಾಯುತ್ತದೆ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಐಫೋನ್‌ನ ಯಂತ್ರಾಂಶದಲ್ಲಿ ಶಕ್ತಿ ಇದ್ದ ಮಾತ್ರಕ್ಕೆ ವೋಲ್ಟೆ (4ಜಿ ಜಾಲದ ಮೇಲೆಯೇ ನಡೆಯುವ ಕರೆ), ವೈಫೈ ಕಾಲಿಂಗ್, 5ಜಿ, ಹಾಟ್‌ಸ್ಪಾಟ್ ತಂತಾನೇ ತೆರೆದುಕೊಳ್ಳುವುದಿಲ್ಲ. ಪ್ರತಿ ಕಂಪನಿಗೆಂದು ಆಪಲ್ ಒಂದು ಸಣ್ಣ ಸೆಟ್ಟಿಂಗ್ಸ್ ಕಡತವನ್ನು ಫೋನಿಗೆ ಕಳಿಸುತ್ತದೆ. ಯಾವ ಸೌಲಭ್ಯ ತೆರೆಯಬೇಕು ಎಂಬುದು ಅದರಲ್ಲಿರುತ್ತದೆ. ಚಿಕ್ಕ ಕಂಪನಿಗಳಿಗೆ ಕೆಲವೊಮ್ಮೆ ಈ ಸೌಲಭ್ಯಗಳಲ್ಲಿ ಒಂದೆರಡು ಬಂದೇ ಇರುವುದಿಲ್ಲ. ಅದೇ ಸಿಮ್ ಪಕ್ಕದವರ ಆಂಡ್ರಾಯ್ಡ್‌ನಲ್ಲಿ ಸರಾಗವಾಗಿ ಓಡುತ್ತಿದ್ದರೂ ನಿಮ್ಮ ಐಫೋನ್‌ನಲ್ಲಿ ಓಡದಿರಬಹುದು. ಕಂಪನಿವಾರು ಪಟ್ಟಿ ಆಪಲ್‌ನ ಸಹಾಯ ಪುಟಗಳಲ್ಲಿದೆ, ಮೊದಲು ಅದನ್ನು ನೋಡಿ. 2ಜಿ, 3ಜಿ ಮುಚ್ಚಿರುವ ಜಾಗದಲ್ಲಿ ವೋಲ್ಟೆ ಇಲ್ಲದ ಸಿಮ್ ಎಂದರೆ ಕರೆಯೇ ಇಲ್ಲದ ಸಿಮ್.

ಇನ್ನು ಪರೀಕ್ಷೆ. 2018ರ ಐಫೋನ್ ಎಕ್ಸ್‌ಎಸ್ ಮತ್ತು ಎಕ್ಸ್‌ಆರ್‌ನಿಂದ ಈಚೆಗೆ ಹೆಚ್ಚುಕಡಿಮೆ ಎಲ್ಲ ಮಾದರಿಗಳಲ್ಲೂ ಇ-ಸಿಮ್ ಇದೆ, 13ರಿಂದ ಎರಡು ಇ-ಸಿಮ್ ಒಟ್ಟಿಗೆ ಚಾಲೂ ಇಡಬಹುದು. ಹಳೆಯ ಸಿಮ್ ಹಾಗೇ ಇರಲಿ, ಹೊಸ ಕಂಪನಿಯದು ಅತಿ ಕಡಿಮೆ ಅವಧಿಯ ಪ್ರಿಪೇಯ್ಡ್ ಪ್ಲಾನ್‌ನಲ್ಲಿ ಬರಲಿ. ಆಮೇಲೆ ಸೆಲ್ಯುಲಾರ್ ಡೇಟಾ ಪುಟದಲ್ಲಿ ‘ಅಲೌ ಸೆಲ್ಯುಲಾರ್ ಡೇಟಾ ಸ್ವಿಚಿಂಗ್’ ಆಫ್ ಮಾಡಿ. ಇದೊಂದನ್ನು ಮರೆತರೆ ಎರಡು ವಾರದ ಅಂಕಿಗಳೂ ಕಸ. ಆ ಸ್ವಿಚ್ ಆನ್ ಇದ್ದರೆ ಫೋನ್ ತನಗೆ ತೋಚಿದಾಗ ಇನ್ನೊಂದು ಸಿಮ್‌ನ ಡೇಟಾಕ್ಕೆ ಹಾರುತ್ತದೆ, ನೀವು ಅಳೆದದ್ದು ಯಾರನ್ನು ಎಂದು ನಿಮಗೇ ಗೊತ್ತಾಗುವುದಿಲ್ಲ. ವೈಫೈ, ವಿಪಿಎನ್, ಐಕ್ಲೌಡ್ ಪ್ರೈವೇಟ್ ರಿಲೇ, ಲೋ ಡೇಟಾ ಮೋಡ್ ಇವೂ ಆಫ್ ಇರಲಿ. ಅಳೆಯುವ ಹೊತ್ತಿನಲ್ಲಿ ಒಂದು ಲೈನ್ ಮಾತ್ರ ಆನ್ ಇಟ್ಟು ಇನ್ನೊಂದನ್ನು ಪೂರ್ತಿ ನಿಲ್ಲಿಸುವುದು ನನ್ನ ಪದ್ಧತಿ. ಬದಲಾಯಿಸಿದ ಮೇಲೆ ಒಂದೆರಡು ನಿಮಿಷ ಬಿಡಬೇಕು, ನೆಟ್‌ವರ್ಕ್‌ಗೆ ಸೇರಿದ ಮರುಗಳಿಗೆಯ ಅಂಕಿ ನೆಚ್ಚುವಂಥದ್ದಲ್ಲ.

ಅಂಕಿ ಸಿಗುವುದು ಫೀಲ್ಡ್ ಟೆಸ್ಟ್‌ನಲ್ಲಿ. ಫೋನ್ ಆ್ಯಪ್ ತೆರೆದು *3001#12345#* ಒತ್ತಿ ಕರೆ ಗುಂಡಿ ಅದುಮಿದರೆ ಆ ಪುಟ ಬರುತ್ತದೆ. ಐಓಎಸ್ ಆವೃತ್ತಿ ಬದಲಾದಂತೆ ಅದರ ವಿನ್ಯಾಸವೂ ಬದಲಾಗುತ್ತದೆ. ಹುಡುಕಬೇಕಾದ್ದು ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಮತ್ತು ಬ್ಯಾಂಡ್ ಸಂಖ್ಯೆ. ಮೊದಲನೆಯದು ಟವರ್‌ನ ದನಿ ನಿಮ್ಮವರೆಗೆ ಎಷ್ಟು ಜೋರಾಗಿ ಬರುತ್ತಿದೆ ಎನ್ನುವುದು. ಯಾವಾಗಲೂ ಋಣ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. −80 ಡಿಬಿಎಂ ಇದ್ದರೆ ಬೊಂಬಾಟ್, −100ರ ಸುತ್ತ ಕೆಲಸ ನಡೆಯುತ್ತದೆ, −110 ದಾಟಿದರೆ ತಾಪತ್ರಯ ಶುರು, −120ರ ಹತ್ತಿರ ಯಾವ ಕ್ಷಣದಲ್ಲಾದರೂ ಕೈಕೊಡುತ್ತದೆ. ಹತ್ತು ಅಂಕಿಯ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು ಎನ್ನುವುದು ನೆನಪಿರಲಿ.

ಎಸ್‌ಐಎನ್‌ಆರ್ ಬೇರೆಯೇ ಸಂಗತಿ. ಗದ್ದಲದ ನಡುವೆ ಆ ದನಿ ಎಷ್ಟು ಸ್ಪಷ್ಟ ಎನ್ನುವುದು ಇದು. 20ರ ಮೇಲಿದ್ದರೆ ತುಂಬಾ ಚೆನ್ನಾಗಿದೆ, ಸೊನ್ನೆಗಿಂತ ಕೆಳಗಿದ್ದರೆ ಗದ್ದಲವೇ ದನಿಗಿಂತ ಜೋರು. ಕಡ್ಡಿ ನೋಡಿ ಮೋಸಹೋಗುವುದು ಇಲ್ಲೇ. ನನ್ನ ಪುಸ್ತಕದ ಎರಡು ಸಾಲು ಹೀಗಿವೆ. ಅಡುಗೆಮನೆ, ರಾತ್ರಿ 9 ಗಂಟೆ, ಮೊದಲ ಸಿಮ್: −86, ಎಸ್‌ಐಎನ್‌ಆರ್ 1, ಡೌನ್‌ಲೋಡ್ 5 ಎಂಬಿಪಿಎಸ್. ಅದೇ ಜಾಗ, ಐದು ನಿಮಿಷದ ನಂತರ, ಎರಡನೇ ಸಿಮ್: −103, ಎಸ್‌ಐಎನ್‌ಆರ್ 14, ಡೌನ್‌ಲೋಡ್ 31. ಮೊದಲನೆಯದಕ್ಕೆ ಕಡ್ಡಿ ತುಂಬಿತ್ತು, ಎರಡನೆಯದಕ್ಕೆ ಅರ್ಧ. ಹಾಗೇಕೆ ಎಂದರೆ, ಮೊದಲ ಕಂಪನಿಯ ಎರಡು ಟವರ್‌ಗಳು ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಒಂದೇ ಬ್ಯಾಂಡ್‌ನಲ್ಲಿ ಅಲ್ಲಿಗೆ ಕೇಳಿಸುತ್ತಿದ್ದವು. ಫೋನ್‌ಗೆ ಒಂದರ ಮಾತು ಇನ್ನೊಂದರ ಗದ್ದಲ. ಕಿಟಕಿಯ ಪಕ್ಕಕ್ಕೆ ಎರಡು ಮೀಟರ್ ಸರಿದರೆ ಅದೇ ಸಿಮ್‌ನ ಎಸ್‌ಐಎನ್‌ಆರ್ 11ಕ್ಕೆ ಏರಿತು, ಏಕೆಂದರೆ ಆಗ ಒಂದು ಟವರ್ ಗೋಡೆಯ ಮರೆಗೆ ಹೋಯಿತು.

ಫೋನನ್ನು ಮೇಜಿನ ಮೇಲಿಟ್ಟು ಓದಿ, ಕೈಯಲ್ಲಿ ಹಿಡಿದಲ್ಲ. ಹಿಡಿತ ಬದಲಾದರೆ ಅಂಕಿಯೂ ಬದಲಾಗುತ್ತದೆ. ಪ್ರತಿ ಜಾಗದಲ್ಲಿ ಪ್ರತಿ ಸಿಮ್‌ಗೆ ಐದು ಸಲ ಅಳೆದು, ಐದನ್ನೂ ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿಯನ್ನು ಬರೆದುಕೊಂಡೆ. ಸರಾಸರಿ ತೆಗೆದರೆ ಒಂದೇ ಒಂದು ಅತಿರೇಕದ ಅಂಕಿ ಲೆಕ್ಕ ಕೆಡಿಸುತ್ತದೆ. ಜಾಗಗಳು ಐದು ಸಾಕು: ಮಲಗುವ ಕೋಣೆ, ಕೆಲಸದ ಮೇಜು, ದಿನದ ಪ್ರಯಾಣದಲ್ಲಿ ಎರಡು ಕಡೆ, ಮತ್ತೆ ಲಿಫ್ಟ್ ಅಥವಾ ನೆಲಮಾಳಿಗೆಯಂಥ ಅತಿ ಕೆಟ್ಟ ಮೂಲೆ. ಹೊತ್ತು ಎರಡು: ಬೆಳಗ್ಗೆ ಒಮ್ಮೆ, ರಾತ್ರಿ 8ರಿಂದ 10ರ ಒಳಗೆ ಒಮ್ಮೆ. ಬೆಳಗಿನ ಜಾವ ಐದಕ್ಕೆ ಎಲ್ಲ ಕಂಪನಿಗಳೂ ಒಳ್ಳೆಯವೇ.

ಸ್ಪೀಡ್ ಟೆಸ್ಟ್‌ನಲ್ಲಿ ಎಲ್ಲರೂ ಡೌನ್‌ಲೋಡ್ ಅಂಕಿ ನೋಡಿ ಖುಷಿಪಡುತ್ತಾರೆ. ನಾನು ಮೊದಲು ನೋಡುವುದು ಅಪ್‌ಲೋಡ್. ಟವರ್ ಹತ್ತಾರು ವಾಟ್‌ಗಳಲ್ಲಿ ಕೂಗುತ್ತದೆ, ಫೋನ್ ಉತ್ತರಿಸುವುದು ಸಾಮಾನ್ಯವಾಗಿ ಹೆಚ್ಚೆಂದರೆ 200 ಮಿಲಿವಾಟ್‌ನಲ್ಲಿ. ಹಾಗಾಗಿ ಸಿಗ್ನಲ್ ಕ್ಷೀಣಿಸಿದಾಗ ಮೊದಲು ಕಡಿಯುವುದು ಫೋನ್‌ನಿಂದ ಟವರ್‌ಗೆ ಹೋಗುವ ದಾರಿ. ‘ನೀನು ಮಾತಾಡೋದು ನನಗೆ ಕೇಳಿಸ್ತಿದೆ, ನನ್ನದು ನಿನಗೆ ಕೇಳಿಸ್ತಿಲ್ವಾ?’ ಎನ್ನುವ ಕರೆಗಳ ಕಾರಣ ಸಾಮಾನ್ಯವಾಗಿ ಇದೇ. ವಿಡಿಯೊ ಕರೆಗೆ ರಾತ್ರಿಯ ಹೊತ್ತಿನಲ್ಲೂ ಅಪ್‌ಲೋಡ್ 2 ಎಂಬಿಪಿಎಸ್‌ಗಿಂತ ಕೆಳಗೆ ಇಳಿಯಬಾರದು ಎಂಬುದು ನಾನಿಟ್ಟುಕೊಂಡ ಗೆರೆ. ಟಿಡಿಡಿ ಬ್ಯಾಂಡ್‌ಗಳಲ್ಲಿ, ಅಂದರೆ 4ಜಿಯ 40 ಮತ್ತು 41, 5ಜಿಯ ಎನ್78ರಲ್ಲಿ, ಒಂದೇ ತರಂಗವನ್ನು ಹೊತ್ತು ಹಂಚಿಕೊಂಡು ಎರಡೂ ದಿಕ್ಕಿಗೆ ಬಳಸುತ್ತಾರೆ. ಅಪ್‌ಲೋಡ್ ಪಾಲಿಗೆ ಬರುವುದು ಚಿಕ್ಕ ತುಂಡು. 200 ಡೌನ್‌ಲೋಡ್, 3 ಅಪ್‌ಲೋಡ್ ಎಂಬ ವಿಚಿತ್ರ ಜೋಡಿ ಕಂಡರೆ ಬ್ಯಾಂಡ್ ಸಂಖ್ಯೆ ನೋಡಿ. ಇನ್ನೊಂದು ಎಚ್ಚರಿಕೆ: ವೇಗದ 5ಜಿಯಲ್ಲಿ ಒಂದು ಟೆಸ್ಟ್ ನೂರಾರು ಎಂಬಿ ನುಂಗುತ್ತದೆ, ಐದೈದು ಸಲ ಒತ್ತುತ್ತಾ ಹೋದರೆ ಚಿಕ್ಕ ಪ್ಲಾನ್ ಒಂದೇ ಸಂಜೆಗೆ ಖಾಲಿ.

ಟೆಸ್ಟ್ ಆ್ಯಪ್ ಒಂದೇ ಸಾಲದು. ಕೆಲವು ಪ್ಲಾನ್‌ಗಳು ವಿಡಿಯೊ ದಟ್ಟಣೆಯನ್ನು ಮಾತ್ರ ಗುರುತಿಸಿ ಕಟ್ಟಿಹಾಕುತ್ತವೆ, ಸ್ಪೀಡ್ ಟೆಸ್ಟನ್ನು ಮುಟ್ಟುವುದಿಲ್ಲ. ಪತ್ತೆಹಚ್ಚುವುದು ಸುಲಭ. ನೆಟ್‌ಫ್ಲಿಕ್ಸ್‌ನ ಫಾಸ್ಟ್ ಡಾಟ್ ಕಾಮ್ ತನ್ನ ವಿಡಿಯೊ ಸರ್ವರ್‌ಗಳಿಂದಲೇ ಅಳೆಯುತ್ತದೆ. ಬೇರೆ ಟೆಸ್ಟ್‌ನಲ್ಲಿ 60, ಇದರಲ್ಲಿ ಒಂದೂವರೆ ಅಥವಾ ಎರಡು ಎಂದು ಬಂದು, ಮತ್ತೆ ಮತ್ತೆ ಅದೇ ಬಂದರೆ ಪ್ಲಾನ್ ವಿಡಿಯೊವನ್ನು ಕಡಿಮೆ ಸ್ಪಷ್ಟತೆಯ 480ಪಿಗೆ ಕಟ್ಟಿದೆ ಎಂದುಕೊಳ್ಳಬಹುದು. ಅದು ಟವರ್‌ನ ತಪ್ಪಲ್ಲ, ಕರಾರಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ.

ಸ್ವಂತ ಟವರ್ ಇಲ್ಲದೆ ಇನ್ನೊಬ್ಬರ ಜಾಲ ಬಾಡಿಗೆಗೆ ಪಡೆದು ಅಗ್ಗದಲ್ಲಿ ಮಾರುವ ಕಂಪನಿಗಳೂ ಇವೆ. ಟವರ್ ಅದೇ, ಆರ್‌ಎಸ್‌ಆರ್‌ಪಿ ಅದೇ, ಆದರೆ ದಟ್ಟಣೆಯಾದಾಗ ಅವರ ಗಿರಾಕಿಗಳನ್ನು ಸಾಲಿನ ಹಿಂದಕ್ಕೆ ತಳ್ಳುವ ಒಪ್ಪಂದ ಇರಬಹುದು. ಬೆಳಗ್ಗೆ ಎರಡೂ ಸಮ, ರಾತ್ರಿ ಒಂದು ಮಾತ್ರ ಕುಸಿಯುತ್ತಿದ್ದರೆ ಬಹುಶಃ ಕಾರಣ ಅದೇ. ಬರೀ ಮೆಸೇಜು, ನಕ್ಷೆ, ಕರೆಗಳಿಗಷ್ಟೇ ಫೋನ್ ಬಳಸುವವರಿಗೆ ಇದು ಏನೂ ಕೊರತೆಯಲ್ಲ, ಉಳಿತಾಯ ಹೊಡೆದುಕೊಳ್ಳಿ ಎನ್ನುತ್ತೇನೆ.

ಕರೆಯ ಪರೀಕ್ಷೆಗೆ ಸ್ಟಾಪ್‌ವಾಚ್ ಸಾಕು. ಡಯಲ್ ಒತ್ತಿದ ಕ್ಷಣದಿಂದ ರಿಂಗ್ ಕೇಳುವವರೆಗೆ ಎಷ್ಟು ಸೆಕೆಂಡ್? ವೋಲ್ಟೆ ಸರಿ ಇದ್ದರೆ ಎರಡು ಮೂರು. ಏಳೆಂಟು ಹಿಡಿದರೆ ಫೋನ್ 4ಜಿ ಬಿಟ್ಟು ಹಳೆಯ ಜಾಲಕ್ಕೆ ಇಳಿಯುತ್ತಿರುವ ಸಂಶಯ. ಮಾತಾಡುತ್ತಿರುವಾಗಲೇ ಪರದೆಯ ಮೇಲ್ತುದಿಯಲ್ಲಿ ಎಲ್‌ಟಿಇ (ಅಂದರೆ 4ಜಿ) ಹೋಗಿ 3ಜಿ ಅಥವಾ 2ಜಿ ಕಾಲದ ‘ಇ’ ಕಂಡರೆ ಸಂಶಯ ಖಚಿತ. ಹಾಗೆ ಇಳಿದಾಗ ಮಾತಿನ ನಡುವೆ ನಕ್ಷೆ ತೆರೆಯಲು ಹೋದರೆ ತೆವಳುತ್ತದೆ ಇಲ್ಲವೇ ನಿಂತೇಬಿಡುತ್ತದೆ. ಅಮೆರಿಕದಲ್ಲಿ 2011ರಲ್ಲಿ ವೆರೈಝನ್ ಕಂಪನಿಗೆ ಬಂದ, ಸಿಡಿಎಂಎ ಎಂಬ ಬೇರೆ ಬಗೆಯ ಜಾಲದ ಐಫೋನ್ 4ರಲ್ಲೂ ಇದೇ ಕಥೆ: ಕರೆ ಮತ್ತು ಡೇಟಾ ಒಟ್ಟಿಗೆ ನಡೆಯುತ್ತಿರಲಿಲ್ಲ, ಇನ್ನೊಂದು ಕಂಪನಿ ಎಟಿ ಆ್ಯಂಡ್ ಟಿಯ 3ಜಿಯಲ್ಲಿ ನಡೆಯುತ್ತಿತ್ತು. ಫೋನಿನ ಹೆಸರು ಒಂದೇ, ಸ್ವಭಾವ ಬೇರೆ. ಅಂದಿನಿಂದಲೂ ಕಂಪನಿ ಆಯ್ಕೆ ಎಂದರೆ ಬೆಲೆಯೊಂದರ ಮಾತಾಗಿ ಉಳಿದಿಲ್ಲ.

5ಜಿ ಚಿಹ್ನೆಗೆ ನಾನು ಅಂಕ ಕೊಡಲಿಲ್ಲ. 4ಜಿಯ ಆಧಾರದ ಮೇಲೆ ನಿಂತ ಎನ್‌ಎಸ್‌ಎ 5ಜಿಯಲ್ಲಿ ಆಧಾರದ 4ಜಿ ಅಲುಗಾಡಿದರೆ 5ಜಿಯೂ ಬೀಳುತ್ತದೆ. ಅಂಚಿನ ಸಿಗ್ನಲ್ ಇರುವಲ್ಲಿ ಎರಡರ ನಡುವೆ ಓಲಾಡುತ್ತಾ ಬ್ಯಾಟರಿ ತಿನ್ನುತ್ತದೆ. ಅಂಥ ಜಾಗದಲ್ಲಿ ‘ವಾಯ್ಸ್ ಆ್ಯಂಡ್ ಡೇಟಾ’ದಲ್ಲಿ ಎಲ್‌ಟಿಇ ಆರಿಸಿ ಇನ್ನೊಮ್ಮೆ ಅಳೆದು ನೋಡಿ, ಎಷ್ಟೋ ಸಲ ಅದೇ ವಾಸಿ.

ಕೊನೆಗೆ ತೀರ್ಮಾನಕ್ಕೆ ಬಂದದ್ದು ಹೀಗೆ: ಪ್ರತಿ ಸಿಮ್‌ನ ಅತಿ ಒಳ್ಳೆಯ ಅಂಕಿಗಳನ್ನು ಹೊಡೆದುಹಾಕಿ, ಅತಿ ಕೆಟ್ಟವನ್ನು ಮಾತ್ರ ಪಕ್ಕಪಕ್ಕ ಇಟ್ಟೆ. 300 ಎಂಬಿಪಿಎಸ್‌ಗೂ 80ಕ್ಕೂ ಫೋನಿನಲ್ಲಿ ವ್ಯತ್ಯಾಸ ಗೊತ್ತಾಗುವುದು ಅಪರೂಪ, 4ಕ್ಕೂ ಅರ್ಧಕ್ಕೂ ಪ್ರತಿ ದಿನ ಗೊತ್ತಾಗುತ್ತದೆ. ಮೊದಲ ಸಿಮ್ ಮೂರು ಜಾಗಗಳಲ್ಲಿ ಗೆದ್ದು ಎರಡರಲ್ಲಿ ಕುಸಿದಿತ್ತು. ಎರಡನೆಯದು ಎಲ್ಲೂ ಮಿಂಚಲಿಲ್ಲ, ಎಲ್ಲೂ ಬೀಳಲಿಲ್ಲ. ಎರಡನೆಯದೇ ಉಳಿಯಿತು.

ನಂಬರ್ ಪೋರ್ಟ್ ಮಾಡುವಾಗ ಹಳೆಯ ಸಂಪರ್ಕವನ್ನು ನೀವಾಗಿ ರದ್ದು ಮಾಡಬೇಡಿ. ರದ್ದಾದ ನಂಬರ್ ಪೋರ್ಟ್ ಆಗುವುದಿಲ್ಲ. ಪೋರ್ಟ್ ಮುಗಿದಾಗ ಹಳೆಯದು ತಾನೇ ನಿಲ್ಲುತ್ತದೆ. ನಡುವೆ ಕೆಲವು ಗಂಟೆ ಎಸ್‌ಎಂಎಸ್ ಬಾರದಿರಬಹುದು, ಒಟಿಪಿ ಬೇಕಾಗುವ ಬ್ಯಾಂಕ್ ಕೆಲಸ ಆ ದಿನ ಇಟ್ಟುಕೊಳ್ಳಬೇಡಿ. ಹೊಸ ಸಿಮ್ ಚಾಲೂ ಆದಮೇಲೆ ಐಮೆಸೇಜ್ ಮತ್ತು ಫೇಸ್‌ಟೈಮ್ ನಂಬರನ್ನು ಮತ್ತೆ ನೋಂದಾಯಿಸಲು ಫೋನ್ ಗುಟ್ಟಾಗಿ ಒಂದು ಎಸ್‌ಎಂಎಸ್ ಕಳಿಸುತ್ತದೆ. ಪ್ರಿಪೇಯ್ಡ್‌ನಲ್ಲಿ ಅದಕ್ಕೆ ಬ್ಯಾಲೆನ್ಸ್ ಇಲ್ಲದಿದ್ದರೆ ‘ಆ್ಯಕ್ಟಿವೇಷನ್’ಗೆ ಕಾಯುತ್ತಲೇ ಕೂರುತ್ತದೆ. ಬ್ಯಾಲೆನ್ಸ್ ಹಾಕಿ, ಎರಡನ್ನೂ ಆಫ್ ಮಾಡಿ ಆನ್ ಮಾಡಿ. ಎರಡು ಸಿಮ್ ಇಟ್ಟುಕೊಳ್ಳುವವರು ಪರೀಕ್ಷೆಗಾಗಿ ಆಫ್ ಮಾಡಿದ್ದ ಡೇಟಾ ಸ್ವಿಚಿಂಗ್ ಅನ್ನು ಈಗ ಮತ್ತೆ ಆನ್ ಮಾಡಬೇಕು. ಇಲ್ಲದಿದ್ದರೆ ಡೇಟಾ ಇಲ್ಲದ ಲೈನ್‌ನಲ್ಲಿ ಮಾತಾಡುತ್ತಿರುವಷ್ಟು ಹೊತ್ತು ಇಂಟರ್‌ನೆಟ್ ನಿಂತಿರುತ್ತದೆ, ತಪ್ಪು ಹೊಸ ಕಂಪನಿಯ ತಲೆಗೆ ಬರುತ್ತದೆ.