ಬ್ಲಾಕೋ, ಫೌಲೋ? ಚೆಂಡಿಗಿಂತ ಮೊದಲು ಡಿಫೆಂಡರ್‌ನ ಸೊಂಟ ನೋಡಿ

ಬಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಕೂಗಾಟ ಏಳುವುದು ಶಾಟ್ ಬ್ಲಾಕ್ ಆದಾಗ, ಅಂದರೆ ಬುಟ್ಟಿಗೆ ಎಸೆದ ಚೆಂಡನ್ನು ಡಿಫೆಂಡರ್ ಕೈಯಿಂದ ತಡೆದಾಗ. ‘ಚೆಂಡು ಮೊದಲು ಮುಟ್ಟಿದ್ದೇನೆ ಸಾರ್’ ಎನ್ನುವುದು ಡಿಫೆಂಡರ್‌ನ ಮಾಮೂಲಿ ವಾದ. ಆದರೆ ಚೆಂಡನ್ನು ಮೊದಲು ಮುಟ್ಟಿದರೆ ಆಮೇಲಿನ ಡಿಕ್ಕಿಗೆ ಮಾಫಿ ಎಂದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲಿ ಎಲ್ಲಿಯೂ ಇಲ್ಲ. ಹಿಂದಿನಿಂದ ಬಂದು ತಾಗಿದ್ದರಂತೂ, ಚೆಂಡಿಗಾಗಿಯೇ ಪ್ರಯತ್ನಿಸಿದ್ದೆ ಎಂಬುದು ಸಮರ್ಥನೆಯೇ ಅಲ್ಲ ಎಂದು ನಿಯಮ ನೇರವಾಗಿ ಹೇಳುತ್ತದೆ.

ರೆಫರಿಯಾಗಿ ಇದಕ್ಕೆ ಸರಿಯಾದ ತೀರ್ಪು ಕೊಡಲು, ಮೊದಲು ನಿಲ್ಲುವ ಜಾಗ. ರಿಂಗಿನ ಹಿಂದಿನ ಗಡಿಗೆರೆಯಾದ ಬೇಸ್‌ಲೈನ್‌ನಲ್ಲಿರುವ ಲೀಡ್ ರೆಫರಿ ರಿಂಗಿನ ಅಡಿಗೇ ಬಂದರೆ ಬೆನ್ನುಗಳಷ್ಟೇ ಕಾಣುತ್ತವೆ. ಅಂಕಣದಿಂದ ಒಂದೆರಡು ಮೀಟರ್ ಹೊರಗೆ ನಿಂತು, ಇಬ್ಬರು ಆಟಗಾರರ ನಡುವಿನ ಸಂದು ಕಾಣುವಂತೆ ನೋಡಿಕೊಳ್ಳಿ. ಸಂದು ಮುಚ್ಚಿದರೆ ಪಕ್ಕಕ್ಕೆ ಒಂದೇ ಹೆಜ್ಜೆ ಸಾಕು. ತೀರ್ಪಿನ ಕ್ಷಣದಲ್ಲಿ ಓಡುತ್ತಿರಬೇಡಿ, ನಿಂತಿರಿ. ಹಾಗಿದ್ದರೂ ಲೀಡ್‌ಗೆ ಮೇಲಿನ ಕೈ ಸರಿಯಾಗಿ ಕಾಣದು. ದೇಹದ ಡಿಕ್ಕಿ ಲೀಡ್‌ನದು, ಮೇಲಿನ ಕೈಗಳು ದೂರದಿಂದ ನೋಡುವ ಟ್ರೇಲ್ ಅಥವಾ ಸೆಂಟರ್ ರೆಫರಿಯದು ಎಂದು ಆಟಕ್ಕೆ ಮುಂಚೆಯೇ ಮಾತಾಡಿಕೊಳ್ಳಿ.

ಎರಡನೆಯದು, ಕಣ್ಣು ಎಲ್ಲಿರಬೇಕು ಎಂಬುದು. ಚೆಂಡನ್ನು ಹಿಂಬಾಲಿಸಿದಿರೋ ಕೆಟ್ಟಿತು! ಡಿಫೆಂಡರ್ ಎಲ್ಲಿಂದ ನೆಗೆದ, ನೇರ ಮೇಲಕ್ಕೆ ನೆಗೆದನೇ, ಮುಂದಕ್ಕೆ ವಾಲಿದನೇ ಎಂಬುದನ್ನು ಹಿಡಿಯಿರಿ. ಪ್ರತಿ ಆಟಗಾರನ ಸುತ್ತ ನೆಲದಿಂದ ಮೇಲಕ್ಕೆ ಒಂದು ಕಲ್ಪಿತ ಸಿಲಿಂಡರ್ ಇದೆ. ಅದರ ಮುಂಗಡೆಗೆ ಅಂಗೈ, ಹಿಂದೆ ಪೃಷ್ಠ, ಪಕ್ಕಕ್ಕೆ ತೋಳು ಮತ್ತು ಕಾಲುಗಳ ಹೊರ ಅಂಚು. ಮೊದಲೇ ಜಾಗ ಹಿಡಿದು, ಸಿಲಿಂಡರ್‌ನೊಳಗೇ ನೆಟ್ಟಗೆ ನೆಗೆದು, ಕೈ ನೇರ ಎತ್ತಿದವನ ಮೇಲೆ ಶೂಟರ್ ಬಂದು ಬಿದ್ದರೆ ಡಿಫೆಂಡರ್‌ನದು ತಪ್ಪಲ್ಲ. ರಿಂಗಿನ ಕೆಳಗಿನ 1.25 ಮೀಟರ್ ತ್ರಿಜ್ಯದ ಅರ್ಧವೃತ್ತದಲ್ಲೂ ನೆಟ್ಟಗೆ ನೆಗೆಯುವ ಈ ಹಕ್ಕು ಉಳಿದಿರುತ್ತದೆ. ಅದರೊಳಗೆ ತಾಗಿದ್ದೆಲ್ಲ ಡಿಫೆಂಡರ್ ಫೌಲ್ ಎಂದು ಊದುವವರು ಬಹಳ ಮಂದಿ, ಅದು ತಪ್ಪು.

ಮೂರನೆಯದಾಗಿ ಡಿಕ್ಕಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ: ಮೊಣಕಾಲು, ಸೊಂಟ, ಎದೆ, ಕೊನೆಗೆ ಕೈ. ಮೇಲೆ ಅಂಗೈ ಚೆಂಡಿಗೆ ಚೊಕ್ಕವಾಗಿ ಬಿದ್ದಿರುತ್ತದೆ, ಕೆಳಗೆ ಸೊಂಟ ಶೂಟರ್‌ನನ್ನು ಆಚೆ ತಳ್ಳಿರುತ್ತದೆ. ಜನ ಚಪ್ಪಾಳೆ ತಟ್ಟುವ ಎಷ್ಟೋ ಬ್ಲಾಕ್‌ಗಳು ನಿಜಕ್ಕೂ ಇಂಥ ಫೌಲ್‌ಗಳು. ಶೂಟರ್‌ನ ನೆಗೆತದ ದಾರಿ ಬದಲಾಯಿತೇ, ಸಮತೋಲ ತಪ್ಪಿತೇ ಎಂಬುದೇ ಅಳತೆಗೋಲು. ಯಾರಿಗೂ ಲಾಭ ನಷ್ಟ ತರದ ಸಣ್ಣ ತಾಗುವಿಕೆಗೆ ಆಟ ನಿಲ್ಲಿಸಬಾರದು.

ಕೈಯ ವಿಷಯಕ್ಕೆ ಬಂದರೆ ಸದ್ದನ್ನು ನಂಬಬೇಡಿ. ಚೆಂಡಿಗೆ ಬಿದ್ದ ಅಂಗೈ ಜೋರಾಗಿ ಕೇಳುತ್ತದೆ, ಮಣಿಕಟ್ಟಿಗೆ ಬಿದ್ದ ಏಟು ಕೇಳಿಸದೇ ಹೋಗಬಹುದು. ಚೆಂಡು ಹೋದ ದಿಕ್ಕು ನೋಡಿ: ಬ್ಲಾಕ್ ಮಾಡಿದ ಕೈ ಬೀಸಿದ ಕಡೆಗೇ ರಭಸವಾಗಿ ಹಾರಿದರೆ ಚೆಂಡಿಗೆ ತಾಗಿದೆ. ಸತ್ವವಿಲ್ಲದೆ ಅಲ್ಲೇ ಜಾರಿ ಬಿದ್ದರೆ ತೋಳಿನ ಮೇಲೆ ಅನುಮಾನಪಡಿ. ಇದು ಸುಳಿವಷ್ಟೇ; ಕಣ್ಣಿಗೆ ಕಾಣದ ಫೌಲ್ ಊದಬೇಡಿ.

ಸಿಳ್ಳೆಗೆ ಅವಸರ ಬೇಡ. ನೆಗೆತದ ಆರಂಭ, ತಾಗಿದ ಕ್ಷಣ, ಇಳಿದದ್ದು, ಮೂರನ್ನೂ ಕಂಡು ಊದಿ. ಹಾಗೆಂದು ಚೆಂಡು ಒಳಹೋಗುವುದೇ ಎಂದು ಕಾದು, ಹೋಗದಿದ್ದಾಗ ಮಾತ್ರ ಫೌಲ್ ಕೊಡುವುದು ನ್ಯಾಯವಲ್ಲ.

ಬ್ಲಾಕ್ ಆಯಿತೆಂದು ಕಣ್ಣು ಚೆಂಡಿನ ಹಿಂದೆ ಹೋದಾಗಲೇ ನಿಜವಾದ ಅಪಾಯ. ಗಾಳಿಯಲ್ಲಿರುವ ಶೂಟರ್‌ನ ಎರಡೂ ಪಾದ ನೆಲ ಮುಟ್ಟುವವರೆಗೆ ಶೂಟಿಂಗ್ ಕ್ರಿಯೆ ಮುಗಿದಿಲ್ಲ. ಅಷ್ಟರೊಳಗೆ ಫೌಲ್ ಆಗಿ ಚೆಂಡು ಬುಟ್ಟಿಗೆ ಬೀಳದಿದ್ದರೆ, ಶಾಟ್ ಯಾವ ಜಾಗದ್ದೋ ಅದಕ್ಕೆ ತಕ್ಕಂತೆ 2 ಅಥವಾ 3 ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದ ಎಸೆತ. ನೆಗೆದವನ ಕೆಳಗೆ ಕಾಲಿಡುವುದು ಸಾಮಾನ್ಯವಾಗಿ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್, ಅಂದರೆ ಮಾಮೂಲಿಗಿಂತ ಗಂಭೀರವಾದ ಫೌಲ್. ಪಾದದ ಕೀಲು ತಿರುಚಿದರೆ ಆಟಗಾರನ ಸೀಸನ್ನೇ ಮುಗಿಯಬಹುದು.

ಊದಿದ ಮೇಲೆ ಅಂಕ ಬರೆಯುವವರ ಟೇಬಲ್‌ಗೆ ಸರಿಯಾದ ಸಂಕೇತ ಕೊಡಿ. ಕೈಗೆ ಹೊಡೆದಿದ್ದರೆ ಮಣಿಕಟ್ಟು ತಟ್ಟಿ, ದೇಹ ಅಡ್ಡಬಂದಿದ್ದರೆ ಎರಡೂ ಕೈ ಸೊಂಟದ ಮೇಲೆ. ಸೊಂಟದ ಡಿಕ್ಕಿಗೆ ಮಣಿಕಟ್ಟು ತಟ್ಟಿದರೆ, ‘ಕೈ ಮುಟ್ಟಲೇ ಇಲ್ಲವಲ್ಲ’ ಎಂದು ಕೋಚ್ ಕೇಳುತ್ತಾರೆ, ಮತ್ತು ಆ ಪ್ರಶ್ನೆ ಸರಿಯಾಗಿಯೇ ಇರುತ್ತದೆ.