ಒಂದೇ ರಾತ್ರಿ, ನಾಲ್ಕು ಜಾವ

ಕಾದಂಬರಿಯ ಮೊದಲ ಕರಡಿನಲ್ಲಿ ‘ಕನಸಿನಂತೆ’ ಅನ್ನುವ ಪದ 41 ಸಲ ಬಂದಿತ್ತು. ಎಣಿಸಿದ ಮೇಲೆ ನನಗೇ ನಗು ಬಂತು. ಓದುವವರಿಗೆ ಕನಸು ಕಂಡ ಹಾಗೆ ಅನಿಸಬೇಕು ಅಂತ ಪುಟಕ್ಕೊಂದು ಮಂಜು, ನೆರಳು, ಮಾತಾಡುವ ಕನ್ನಡಿ ತಂದು ಸುರಿದಿದ್ದೆ. ಓದಿದ ಗೆಳೆಯ ಒಂದೇ ಮಾತು ಹೇಳಿದ: ‘ನಿದ್ದೆ ಬಂತು ಮಾರಾಯ, ಕನಸು ಬೀಳಲಿಲ್ಲ.’

ಕಥೆ ಇಷ್ಟೇ. ಒಬ್ಬರಿಗೊಬ್ಬರು ಗೊತ್ತಿಲ್ಲದ ಐದು ಜನ, ಒಂದು ಹುಣ್ಣಿಮೆ ರಾತ್ರಿ, ಸಂಜೆ ಆರರಿಂದ ಬೆಳಗ್ಗೆ ಆರು. ಕೊನೆಗೆ ಎಲ್ಲರನ್ನೂ ಒಂದೇ ಬಸ್ಸಿಗೆ ಹತ್ತಿಸಿದ್ದೆ. ಮೊದಲು ಅದನ್ನು ಕಿತ್ತು ಹಾಕಿದೆ. ಗುರುತಿಲ್ಲದವರು ಹಾಗೇ ಉಳಿಯಲಿ. ಒಂದು ಕೊಡೆ ಮಾತ್ರ ಅವರ ನಡುವೆ ಕೈಯಿಂದ ಕೈಗೆ ಹೋಗುತ್ತದೆ, ಅದೂ ಯಾರ ಗಮನಕ್ಕೂ ಬಾರದೆ.

ಆಮೇಲೆ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ರಾತ್ರಿಯನ್ನು ನಾಲ್ಕು ಜಾವ ಮಾಡಿದೆ. ಜಾವಕ್ಕೆ ಮೂರು ಗಂಟೆ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ಜನ. ತಪ್ಪುಗಳು ಕಂಡಿದ್ದೇ ಆಗ. ಎಂಟು ಗಂಟೆಗೆ ಒಬ್ಬಳ ಕೋಣೆಯ ಕಿಟಕಿಯಲ್ಲಿದ್ದ ಚಂದ್ರ ಮೂರು ಗಂಟೆಗೂ ಅಲ್ಲೇ ಕೂತಿದ್ದ! ಚಂದ್ರ ಗಂಟೆಗೆ ಹೆಚ್ಚುಕಡಿಮೆ 15 ಡಿಗ್ರಿ ಸರಿಯುತ್ತಾನೆ. ಅಷ್ಟು ಹೊತ್ತಿಗೆ ಪೂರ್ವ ಬಿಟ್ಟು ಮನೆಯ ಆ ಕಡೆಗೆ ಹೋಗಿರಬೇಕು. ಸರಿ, ಅವಳನ್ನು ಅಡುಗೆಮನೆಗೆ ಕಳಿಸಿದೆ. ಸುಮ್ನೆ ನೀರು ಕುಡಿಯೋಕೆ ಎದ್ದವಳು ಅಲ್ಲಿನ ಕಿಟಕಿಯಲ್ಲಿ ಚಂದ್ರನನ್ನು ನೋಡಿ, ‘ನೀನಿಲ್ಲಿಗೂ ಬಂದ್ಯಾ?’ ಅಂತಾಳೆ. ಗೆಳೆಯ ಪೆನ್ಸಿಲ್‌ನಲ್ಲಿ ಗೆರೆ ಎಳೆದದ್ದು ಆ ಸಾಲಿಗೆ. ನಾನು ಮಂಜು ಹಾಕಿದ ಕಡೆ ಒಂದೂ ಗೆರೆ ಇಲ್ಲ.

ರಾತ್ರಿ ಕೂತು ಬರೆದರೆ ರಾತ್ರಿ ತಾನಾಗೇ ಬರುತ್ತದೆ ಅಂತ ನಿದ್ದೆಯನ್ನೂ ಕೆಡಿಸಿಕೊಂಡೆ. ಪ್ರಯೋಜನ ಇಲ್ಲ. ಒಳ್ಳೆಯ ಪುಟಗಳೆಲ್ಲ ಮಟಮಟ ಮಧ್ಯಾಹ್ನ ಬರೆದವು.

ಇನ್ನೊಂದು ಉಪಾಯ ಕನ್ನಡವೇ ಕೊಟ್ಟಿತು. ‘ಬಂದ’, ‘ತೆರೆದಳು’ ಅಂತ ಇದ್ದದ್ದನ್ನೆಲ್ಲ ‘ಬರುತ್ತಾನೆ’, ‘ತೆರೆಯುತ್ತಾಳೆ’ ಮಾಡಿದೆ. ನಮ್ಮ ‘ಬರುತ್ತಾನೆ’ ಈಗಿಗೂ ಆಗುತ್ತದೆ, ನಾಳೆಗೂ ಆಗುತ್ತದೆ, ಅಲ್ವಾ? ಅವನು ಬಾಗಿಲಲ್ಲಿ ನಿಂತಿದ್ದಾನೋ, ಇನ್ನೂ ಬರಬೇಕೋ, ಅರೆಕ್ಷಣ ಗೊತ್ತಾಗುವುದಿಲ್ಲ. ಆ ಅರೆಕ್ಷಣವೇ ನನಗೆ ಬೇಕಿದ್ದದ್ದು.

ವಿಚಿತ್ರಗಳನ್ನೆಲ್ಲ ಕೊನೆಯ ಜಾವಕ್ಕೆ ತಳ್ಳಿದೆ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ. ಕಣ್ಣುಗುಡ್ಡೆ ಓಡಾಡುವ, ಕನಸು ಜಾಸ್ತಿ ಬೀಳುವ ಹಂತ ಬೆಳಗಾಗುತ್ತಾ ಉದ್ದವಾಗುತ್ತದೆ. ಪುಸ್ತಕವೂ ಹಾಗೇ ನಿದ್ದೆ ಮಾಡಲಿ ಅಂದುಕೊಂಡೆ. ಮೊದಲ ಮೂರು ಜಾವ ಬಸ್ಸು, ಬೀಗದಕೈ, ಚಿಲ್ಲರೆ, ಬರೀ ಇಂಥವೇ. ಬೆಳಗಿನ ಜಾವ, ಮೋಡವೇ ಇಲ್ಲದ ಆಕಾಶದ ಕೆಳಗೆ, ಐದನೆಯವನ ಕೈಗೆ ಬಂದ ಕೊಡೆಯಿಂದ ನೀರು ತೊಟ್ಟಿಕ್ಕುತ್ತದೆ. ಯಾಕೆ ಅಂತ ಅರ್ಧ ಪುಟ ಬರೆದಿದ್ದೆ. ಅಚ್ಚಿಗೆ ಕಳಿಸುವ ಹಿಂದಿನ ದಿನ ಅದನ್ನೂ ಹೊಡೆದು ಹಾಕಿದೆ.