ದೇವಯಾನಿಯ ಹೊರಸುತ್ತನ್ನು ನಾನೇ ಅಳಿಸಿದ್ದೆ

ಆಂಡ್ರೊಮೆಡಾ ಎಂದೂ ಕರೆಯುವ ದೇವಯಾನಿ ಗೆಲಾಕ್ಸಿಯತ್ತ ಕ್ಯಾಮೆರಾ ತಿರುಗಿಸಿ, ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಮೇಲೆ ಕೂರಿಸಿದ 200 ಮಿಲಿಮೀಟರ್ ಲೆನ್ಸಿನಿಂದ ತಲಾ 60 ಸೆಕೆಂಡಿನ 120 ಫ್ರೇಮ್‌ಗಳನ್ನು ತೆಗೆದು ಮುಗಿಸಿದ ರಾತ್ರಿ, ಕಷ್ಟದ ಕೆಲಸವೆಲ್ಲ ಕಳೆಯಿತೆಂದು ನಂಬಿದ್ದೆ. ಆ ಎರಡು ಗಂಟೆಗಳ ದತ್ತಾಂಶವನ್ನು ಅಲ್ಲಿಂದೀಚೆಗೆ ಐದು ಬಾರಿ ಮೊದಲಿನಿಂದ ಸಂಸ್ಕರಿಸಿದ್ದೇನೆ. ಹಿಂದಿನ ಸಲ ಏನನ್ನು ಕಳೆದುಕೊಂಡಿದ್ದೆ ಎಂಬುದು ಪ್ರತಿ ಬಾರಿಯೂ ಮುಂದಿನ ಸಲವೇ ತಿಳಿದಿದೆ.

ನಾನು ಆರಿಸಿಕೊಂಡದ್ದು ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶ. ಫ್ರೇಮ್‌ಗಳನ್ನು ನಕ್ಷತ್ರಗಳ ಆಧಾರದ ಮೇಲೆ ಒಂದಕ್ಕೊಂದು ಹೊಂದಿಸಿ, ಸರಾಸರಿ ತೆಗೆದು, ಒಂದೇ ಚಿತ್ರವಾಗಿಸುವ ಸ್ಟ್ಯಾಕಿಂಗ್ ಕೆಲಸವನ್ನು ಅದು ಬಹುಮಟ್ಟಿಗೆ ತಾನೇ ಮಾಡುತ್ತದೆ. ನಡುವೆ ಹಾದುಹೋದ ಉಪಗ್ರಹದ ಗೆರೆ ಒಂದು ಫ್ರೇಮಿನಲ್ಲಷ್ಟೇ ಇದ್ದು ಉಳಿದ 119ರಲ್ಲಿ ಇಲ್ಲದ ಕಾರಣ, ಸರಾಸರಿಯಿಂದ ತೀರ ದೂರವಿರುವ ಅಂಕಿಗಳನ್ನು ತಳ್ಳಿಹಾಕುವ ಸಿಗ್ಮಾ ಕ್ಲಿಪಿಂಗ್ ವಿಧಾನ ಅದನ್ನು ಗುರುತಿಸಿ ಕೈಬಿಡುತ್ತದೆ. ಸ್ಟ್ಯಾಕ್ ಮಾಡಿದ ಕಡತವನ್ನು ತೆರೆದಾಗ ಕಂಡದ್ದು ಮಾತ್ರ ಕಪ್ಪು ಪರದೆ, ಅದರಲ್ಲಿ ನಾಲ್ಕಾರು ಬಿಳಿ ಚುಕ್ಕೆಗಳು. ಸಂವೇದಕ ಬೆಳಕನ್ನು ಅಳೆಯುವುದು ರೇಖೀಯವಾಗಿ. ಬಿದ್ದ ಬೆಳಕು ಎರಡರಷ್ಟಾದರೆ ಅಂಕಿಯೂ ಎರಡರಷ್ಟಾಗುತ್ತದೆ. ಗೆಲಾಕ್ಸಿಯ ಬೆಳಕೆಲ್ಲ ಬೆಳಕಿನ ಮಟ್ಟಗಳ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಎಡತುದಿಯ ಒಂದು ಸಣ್ಣ ಗೂಟದಲ್ಲಿ ಅಡಗಿತ್ತು. ಇದು ಗೊತ್ತಿಲ್ಲದ ನಾನು ಕಡತವನ್ನು ಜೆಪೆಗ್ ಆಗಿ ಉಳಿಸಿ, ಸಾಮಾನ್ಯ ಫೋಟೋ ತಂತ್ರಾಂಶದಲ್ಲಿ ಕರ್ವ್ಸ್ ಎಳೆದು ಬೆಳಗಿಸಲು ಹೊರಟೆ. ಕ್ಯಾಮೆರಾ ಕೊಟ್ಟದ್ದು 14 ಬಿಟ್, ಅಂದರೆ 16,384 ಹಂತಗಳು. ಜೆಪೆಗ್ ಉಳಿಸಿಕೊಂಡದ್ದು 256. ಆಕಾಶವು ಮೆಟ್ಟಿಲು ಮೆಟ್ಟಿಲಾಗಿ ಒಡೆದು ನಿಂತಿತು. ಅಂದಿನಿಂದ ಕೊನೆಯ ಹೆಜ್ಜೆಯವರೆಗೂ ಖಗೋಳ ಚಿತ್ರಗಳಿಗೆ ಬಳಸುವ 32 ಬಿಟ್‌ನ ಫಿಟ್ಸ್ ಕಡತವನ್ನು ಬಿಟ್ಟು ಬೇರೆ ರೂಪದಲ್ಲಿ ಉಳಿಸಿದ್ದಿಲ್ಲ. ಆಟೋಸ್ಟ್ರೆಚ್ ಎಂಬ ನೋಟವು ಕಣ್ಣಿಗಷ್ಟೇ ಬೆಳಕು ಕೊಡುತ್ತದೆ, ದತ್ತಾಂಶವನ್ನು ಮುಟ್ಟುವುದಿಲ್ಲ ಎಂಬುದನ್ನು ಅರಿತುಕೊಳ್ಳುವುದಕ್ಕೇ ನನಗೆ ಒಂದು ವಾರ ಹಿಡಿಯಿತು.

ಸಂವೇದಕದ ಸ್ವಂತ ದೋಷಗಳನ್ನು ಕಳೆಯಲು ಲೆನ್ಸ್ ಮುಚ್ಚಿ ತೆಗೆಯುವ ಡಾರ್ಕ್ ಮತ್ತು ಬಯಾಸ್ ಫ್ರೇಮ್‌ಗಳಲ್ಲಿ ತೊಂದರೆಯಾಗಲಿಲ್ಲ. ಅಂಚಿನ ಮಸುಕು, ಧೂಳಿನ ಕಲೆಗಳನ್ನು ಸರಿಪಡಿಸಲು ಸಮನಾದ ಬೆಳಕಿನತ್ತ ಹಿಡಿದು ತೆಗೆಯುವ ಫ್ಲ್ಯಾಟ್ ಫ್ರೇಮ್‌ಗಳನ್ನು ಮಾತ್ರ ಮರುದಿನ, ಲೆನ್ಸನ್ನು ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ತೆಗೆದಿದ್ದೆ. ಅಂಚಿನ ಮಸುಕು ಸರಿಹೋಯಿತು, ಆದರೆ ಆ ಹೊತ್ತಿಗೆ ಧೂಳಿನ ಕಣವೊಂದು ಜರುಗಿದ್ದರಿಂದ ಚಿತ್ರದ ಬಲಮೂಲೆಯಲ್ಲಿ ಒಂದು ಕಪ್ಪು ಉಂಗುರ ಉಳಿದು, ಅದರ ಪಕ್ಕದಲ್ಲೇ ಒಂದು ಬಿಳಿ ಉಂಗುರ ಮೂಡಿತು. ಫ್ಲ್ಯಾಟ್‌ಗಳನ್ನು ಕ್ಯಾಮೆರಾ, ಲೆನ್ಸ್, ಫೋಕಸ್ ಯಾವುದನ್ನೂ ಕದಲಿಸದೆ ಅದೇ ರಾತ್ರಿ ತೆಗೆಯಬೇಕು. ಈ ತಪ್ಪನ್ನು ಯಾವ ತಂತ್ರಾಂಶವೂ ಪ್ರಾಮಾಣಿಕವಾಗಿ ತಿದ್ದಲಾರದು.

ಇಲ್ಲಿಂದ ಮುಂದಿನದು ನನ್ನನ್ನು ಬಹುಕಾಲ ದಾರಿತಪ್ಪಿಸಿದ ಹೆಜ್ಜೆ. ಊರಿನ ದೀಪಗಳ ಹೊಳಪು ಆಕಾಶದ ಒಂದು ಬದಿಯಲ್ಲಿ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಇರುವುದರಿಂದ ಚಿತ್ರದ ಹಿನ್ನೆಲೆ ಇಳಿಜಾರಾಗಿರುತ್ತದೆ. ಅದನ್ನು ತೆಗೆಯಲು ತಂತ್ರಾಂಶವು ಚಿತ್ರದ ಮೇಲೆ ಮಾದರಿ ಬಿಂದುಗಳನ್ನು ಹರಡಿ, ಅವುಗಳ ಮೂಲಕ ಒಂದು ಬಹುಪದೋಕ್ತಿಯ ಮೇಲ್ಮೈಯನ್ನು ಹಾಯಿಸಿ, ಆ ಮೇಲ್ಮೈಯನ್ನೇ ಹಿನ್ನೆಲೆಯೆಂದು ಭಾವಿಸಿ ಚಿತ್ರದಿಂದ ಕಳೆಯುತ್ತದೆ. ಬಿಂದುಗಳನ್ನು ಸ್ವಯಂಚಾಲಿತವಾಗಿ ಹರಡಲು ಬಿಟ್ಟು, ಬಹುಪದೋಕ್ತಿಯ ಘಾತವನ್ನು ನಾಲ್ಕಕ್ಕೆ ಏರಿಸಿದೆ; ಘಾತ ಹೆಚ್ಚಿದಷ್ಟೂ ಮೇಲ್ಮೈ ಹೆಚ್ಚು ಬಳುಕಬಲ್ಲದು. ಆಕಾಶ ನಯವಾಗಿ ಕಪ್ಪಾಯಿತು. ನಡುವೆ ಚೊಕ್ಕವಾದ, ಅಂಚು ಸ್ಪಷ್ಟವಾಗಿರುವ ಗೆಲಾಕ್ಸಿ. ಅಂದು ನನಗಾದ ಸಂತೋಷ ಈಗಲೂ ನೆನಪಿದೆ.

ತಿಂಗಳುಗಳ ನಂತರ ಒಂದು ನಕ್ಷತ್ರಪಟದ ಮೇಲೆ ಆ ಚಿತ್ರವನ್ನಿಟ್ಟು ಅಳತೆ ಮಾಡಿದಾಗ ಲೆಕ್ಕ ಕೂಡಲಿಲ್ಲ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದ್ದರೂ ದೇವಯಾನಿ ನಮ್ಮ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಉದ್ದಕ್ಕೆ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಚಾಚಿಕೊಂಡಿದೆ. ನನ್ನ ಚಿತ್ರದಲ್ಲಿದ್ದುದು ಎರಡು ಡಿಗ್ರಿಗಿಂತ ಕಡಿಮೆ. ಮಾದರಿ ಬಿಂದುಗಳಲ್ಲಿ ಹಲವು ಗೆಲಾಕ್ಸಿಯ ಮಂದವಾದ ಹೊರಸುತ್ತಿನ ಮೇಲೆಯೇ ಕುಳಿತಿದ್ದವು. ತಂತ್ರಾಂಶ ಆ ಬೆಳಕನ್ನು ಊರಿನ ದೀಪದ ಬೆಳಕೆಂದು ತಿಳಿದು ಕಳೆದುಹಾಕಿತ್ತು, ಹಾಗೆ ಕಳೆಯಲು ಹೇಳಿದವನು ನಾನೇ. ಅಷ್ಟು ಕಾಲ ಪಯಣಿಸಿ ಲೆನ್ಸಿನೊಳಗೆ ಬಂದು ಬಿದ್ದ ಬೆಳಕನ್ನು ಒಂದು ಗುಂಡಿ ಒತ್ತಿ ಎಸೆದಿದ್ದೆನೆಂಬ ಅರಿವು ನನ್ನನ್ನು ನಿಜಕ್ಕೂ ನೋಯಿಸಿತು.

ಆಮೇಲೆ ರೂಢಿಸಿಕೊಂಡ ಕ್ರಮವೆಂದರೆ, ಹಿನ್ನೆಲೆ ತೆಗೆದ ಚಿತ್ರಕ್ಕಿಂತ ಮೊದಲು, ಕಳೆಯಲಾದ ಆ ಮೇಲ್ಮೈಯನ್ನೇ ಪ್ರತ್ಯೇಕ ಚಿತ್ರವಾಗಿ ತೆರೆದು, ಆಟೋಸ್ಟ್ರೆಚ್‌ನಲ್ಲಿ ನೋಡುವುದು. ಮೂಲೆಯಿಂದ ಮೂಲೆಗೆ ಸರಾಗವಾಗಿ ಇಳಿಯುವ ಬೆಳಕಷ್ಟೇ ಅದರಲ್ಲಿದ್ದರೆ ಸರಿ. ಗೆಲಾಕ್ಸಿ ಓರೆಯಾಗಿರುವ ದಿಕ್ಕಿನಲ್ಲೇ ಓರೆಯಾದ ಅಂಡಾಕಾರದ ಉಬ್ಬು ಕಂಡರೆ ಗೆಲಾಕ್ಸಿಯೇ ಸೋರಿಹೋಗುತ್ತಿದೆ ಎಂದು ಅರ್ಥ. ಈಗ ಘಾತ ಒಂದರಿಂದ ಆರಂಭಿಸುತ್ತೇನೆ, ಎರಡನ್ನು ದಾಟುವುದು ಅಪರೂಪ. ಗೆಲಾಕ್ಸಿಯ ಸುತ್ತಲಿನ ವಿಶಾಲ ವಲಯದಿಂದ ಬಿಂದುಗಳನ್ನು ಒಂದೊಂದಾಗಿ ಕೈಯಿಂದಲೇ ತೆಗೆಯುತ್ತೇನೆ. ಹಿನ್ನೆಲೆ ಸ್ವಲ್ಪ ಬೂದುಬಣ್ಣದಲ್ಲಿ ಉಳಿದರೂ ಚಿಂತೆಯಿಲ್ಲ. ಇದ್ದಿಲಿನಂತೆ ಕಪ್ಪಾದ ಆಕಾಶವನ್ನು ಕಂಡರೆ ಅಲ್ಲಿ ಏನೋ ಕಳೆದುಹೋಗಿದೆ ಎಂಬ ಅನುಮಾನವೇ ನನಗೆ ಮೊದಲು ಬರುತ್ತದೆ.

ಬಣ್ಣದ ವಿಷಯದಲ್ಲಿ ದಾರಿ ಇಷ್ಟು ತೊಡಕಿನದಾಗಿರಲಿಲ್ಲ. ಮೊದಲು ಕಣ್ಣಳತೆಯಲ್ಲಿ ನೀಲಿಯನ್ನು ಏರಿಸುತ್ತಿದ್ದೆ. ಈಗ ಚಿತ್ರವು ಆಕಾಶದ ಯಾವ ಭಾಗದ್ದೆಂದು ತಂತ್ರಾಂಶವೇ ಗುರುತಿಸಿ, ಅದರಲ್ಲಿರುವ ನಕ್ಷತ್ರಗಳ ಬಣ್ಣವನ್ನು ಗಯಾ ಉಪಗ್ರಹದ ಅಳತೆಗಳೊಂದಿಗೆ ಹೋಲಿಸಿ ಮೂರು ಬಣ್ಣಗಳ ಅನುಪಾತವನ್ನು ಹೊಂದಿಸುತ್ತದೆ. ನಡುವಿನ ಹಳೆಯ ನಕ್ಷತ್ರಗಳ ಹಳದಿ, ಸುರುಳಿಗಳಲ್ಲಿರುವ ಎಳೆಯ ನಕ್ಷತ್ರಗಳ ನಸುನೀಲಿ ಎರಡೂ ತಾವಾಗಿ ಮೂಡಿದವು. 656.3 ನ್ಯಾನೋಮೀಟರಿನಲ್ಲಿ ಹೊಳೆಯುವ ಹೈಡ್ರೋಜನ್ ಮೋಡಗಳ ಕೆಂಪು ಮಾತ್ರ ತೀರ ಕ್ಷೀಣವಾಗಿತ್ತು, ಏಕೆಂದರೆ ಸಾಮಾನ್ಯ ಕ್ಯಾಮೆರಾದ ಒಳಗಿರುವ ಫಿಲ್ಟರ್ ಆ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಅದನ್ನು ಬಣ್ಣ ಹಚ್ಚಿ ತುಂಬಿಸುವ ಮನಸ್ಸಾಗಲಿಲ್ಲ.

ಇವೆಲ್ಲವನ್ನೂ ರೇಖೀಯ ಸ್ಥಿತಿಯಲ್ಲೇ ಮುಗಿಸಿದ ನಂತರ ಸ್ಟ್ರೆಚ್ ಮಾಡುತ್ತೇನೆ, ಅಂದರೆ ಮಂದ ಬೆಳಕನ್ನು ಕಣ್ಣಿಗೆ ಕಾಣುವಂತೆ ಎಳೆದು ಹಿಗ್ಗಿಸುತ್ತೇನೆ. ಒಂದೇ ಸಲಕ್ಕೆ ಎಳೆದರೆ ಗೆಲಾಕ್ಸಿಯ ನಡುಭಾಗ ಸುಟ್ಟಂತೆ ಬಿಳಿಯಾಗಿ, ನಕ್ಷತ್ರಗಳು ಊದಿಕೊಳ್ಳುತ್ತವೆ. ಆದ್ದರಿಂದ ಸ್ಟಾರ್‌ನೆಟ್ ಎಂಬ ತಂತ್ರಾಂಶದಿಂದ ನಕ್ಷತ್ರಗಳನ್ನು ಬೇರ್ಪಡಿಸಿ, ಗೆಲಾಕ್ಸಿಯನ್ನು ನಾಲ್ಕೈದು ಸಣ್ಣ ಹೆಜ್ಜೆಗಳಲ್ಲಿ, ನಕ್ಷತ್ರಗಳನ್ನು ಅದಕ್ಕಿಂತ ಹಗುರವಾಗಿ ಎಳೆದು, ಕೊನೆಗೆ ಎರಡನ್ನೂ ಕೂಡಿಸುತ್ತೇನೆ. ನಾಯ್ಸ್, ಅಂದರೆ ಚಿತ್ರದ ಕಾಳುಕಾಳಾದ ಗದ್ದಲವನ್ನು ತಗ್ಗಿಸುವ ಹೊಸ ಸಾಧನಗಳ ವಿಷಯದಲ್ಲಿ ನಾನು ಬಿಗಿಯಾಗಿದ್ದೇನೆ: ಅವು ತೋರಿಸಿದ ಎಳೆಯೊಂದು ಮೂಲ ಸ್ಟ್ಯಾಕಿನಲ್ಲಿ ಮಸುಕಾಗಿಯಾದರೂ ಕಾಣದಿದ್ದರೆ, ಎಷ್ಟೇ ಚೆಲುವಾಗಿರಲಿ, ಹಿಂದಕ್ಕೆ ಹೋಗುತ್ತೇನೆ. ನಡುವೆ ಪಿಕ್ಸ್‌ಇನ್‌ಸೈಟ್ ಕಲಿಯಲೂ ಯತ್ನಿಸಿದೆ. ಅದರ ಸಾಮರ್ಥ್ಯ ದೊಡ್ಡದು, ಆದರೆ ಮೂಲ ತತ್ತ್ವಗಳೇ ಗಟ್ಟಿಯಾಗದ ಹಂತದಲ್ಲಿ ಎರಡು ತಂತ್ರಾಂಶಗಳನ್ನು ಒಟ್ಟಿಗೆ ಹಿಡಿದದ್ದು ನನ್ನ ಅವಸರವಾಗಿತ್ತು.

ಐದನೆಯ ಸಂಸ್ಕರಣೆಯಲ್ಲಿ ಹೊರಸುತ್ತು ಮರಳಿ ಬಂದಿದೆ; ಜೊತೆಗಾರ ಗೆಲಾಕ್ಸಿ ಎಂ110ರ ಮಂದ ಅಂಚೂ ಕಾಣುತ್ತದೆ. ಎಡಮೇಲಿನ ಮೂಲೆಯತ್ತ ಚಾಚಿರುವ ತೆಳುವಾದ ಹೊಳಪೊಂದು ಗೆಲಾಕ್ಸಿಯದೋ ದೀಪಗಳದೋ ಎಂದು ಮಾತ್ರ ಈ ದತ್ತಾಂಶದಿಂದ ನಿರ್ಣಯಿಸಲಾಗುತ್ತಿಲ್ಲ. ನಾಯ್ಸ್‌ಗೆ ಹೋಲಿಸಿದರೆ ಸಂಕೇತ ಬಲಗೊಳ್ಳುವುದು ಫ್ರೇಮ್‌ಗಳ ಸಂಖ್ಯೆಯ ವರ್ಗಮೂಲದಷ್ಟೇ. ಅದನ್ನು ದುಪ್ಪಟ್ಟುಗೊಳಿಸಲು ಎರಡು ಗಂಟೆಗಳ ಬದಲು ಎಂಟು ಗಂಟೆ ಬೇಕು. ಚಂದ್ರನಿಲ್ಲದ ರಾತ್ರಿಗಳಿಗಾಗಿ ಕಾಯುತ್ತಿದ್ದೇನೆ. ಈ ಬಾರಿ ಫ್ಲ್ಯಾಟ್‌ಗಳನ್ನು ತೆಗೆದ ಮೇಲೆಯೇ ಲೆನ್ಸ್ ಬಿಚ್ಚುತ್ತೇನೆ.